ಚುಕ್ಕಾಣಿಯೊಳಗಿನ ಎಣ್ಣೆ, ಎಣ್ಣೆಯೊಳಗಿನ ಗಾಳಿ

ನೀರಿನ ಮೇಲೆ ಸಾಗುವ ವಾಹನಗಳನ್ನು ಕಟ್ಟಿ ನಡೆಸಿದವರು ಎಲ್ಲ ಕಾಲದಲ್ಲೂ ಎರಡು ತೊಂದರೆಗಳೊಡನೆ ಹೆಣಗಿದ್ದಾರೆ. ಮೊದಲನೆಯದು ಸೋರಿಕೆ, ಎರಡನೆಯದು ದಿಕ್ಕು. ಹಲಗೆಗಳ ಸಂದಿನಿಂದ ನೀರು ಒಳಬಾರದಂತೆ ನೋಡಿಕೊಳ್ಳುವುದು ಒಬ್ಬರ ಕಸುಬಾಗಿದ್ದರೆ, ಚುಕ್ಕಾಣಿ ಹಿಡಿದು ದೋಣಿಯನ್ನು ಸರಿದಾರಿಯಲ್ಲಿ ಒಯ್ಯುವುದು ಇನ್ನೊಬ್ಬರ ಕಸುಬಾಗಿತ್ತು; ಈ ಎರಡೂ ಕಸುಬುಗಳು ಶತಮಾನಗಳ ಕಾಲ ಬೇರೆ ಬೇರೆಯಾಗಿಯೇ ಬೆಳೆದವು. ಚಕ್ರದ ತಿರುವನ್ನು ಎಣ್ಣೆಯ ಮೂಲಕ ಚುಕ್ಕಾಣಿಗೆ ತಲುಪಿಸುವ ಹೈಡ್ರಾಲಿಕ್ ಸ್ಟೀರಿಂಗ್ ಬಳಕೆಗೆ ಬಂದ ಮೇಲೆ ಅವೆರಡೂ ಒಂದೆಡೆ ಸೇರಿದವು. ಈ ವ್ಯವಸ್ಥೆಯಲ್ಲಿ ಸೋರಿಕೆಯೇ ದಿಕ್ಕು ತಪ್ಪಲು ಕಾರಣವಾಗುತ್ತದೆ: ಎಣ್ಣೆ ತೆರವು ಮಾಡಿದ ಜಾಗವನ್ನು ಗಾಳಿ ಹಿಡಿಯುತ್ತದೆ, ಗಾಳಿ ಹಿಡಿದ ಚುಕ್ಕಾಣಿ ಕೈಯ ಮಾತು ಕೇಳುವುದಿಲ್ಲ. ಆದಕಾರಣ ಈ ಯಂತ್ರದ ಚರಿತ್ರೆಯನ್ನು ಅದನ್ನು ಕಂಡುಹಿಡಿದವರ ಹೆಸರುಗಳಿಂದಷ್ಟೇ ಬರೆದು ಮುಗಿಸಲಾಗದು. ಸೋರಿಕೆ ನಿಲ್ಲಿಸಿದವರ ಮತ್ತು ಗಾಳಿ ಹೊರಹಾಕಿದವರ ಕೈಗೆಲಸಕ್ಕೂ ಅದರಲ್ಲಿ ಸಮಪಾಲು ಸಲ್ಲಬೇಕು.

ತಮಿಳುನಾಡಿನ ಹೊಸೂರು, ಕೃಷ್ಣಗಿರಿಗಳ ಸೀಮೆಗೆ ಕಡಲಿನ ಸಂಪರ್ಕವಿಲ್ಲ. ಆದರೆ ಅದರ ಪಶ್ಚಿಮದ ಕಾಡುಗಳಾಚೆ ಕಾವೇರಿ ಹರಿಯುತ್ತದೆ, ಮತ್ತು ಕನ್ನಡ, ತಮಿಳು ನಾಡುಗಳ ಗಡಿಯಲ್ಲಿರುವ ಹೊಗೇನಕಲ್ಲಿನಲ್ಲಿ ಹರಿಗೋಲು ಇಂದಿಗೂ ನೀರಿಗಿಳಿಯುತ್ತದೆ. ಸೀಳಿದ ಬಿದಿರನ್ನು ಹೆಣೆದು, ಹೊರಮೈಗೆ ಹಿಂದೆ ತೊಗಲನ್ನೂ ಈಚೆಗೆ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ, ಡಾಂಬರು ಬಳಿದು ಸಿದ್ಧಪಡಿಸುವ ಈ ದುಂಡು ದೋಣಿಗೆ ಚುಕ್ಕಾಣಿ ಎಂಬ ಪ್ರತ್ಯೇಕ ಅಂಗವೇ ಇಲ್ಲ. ಅಂಬಿಗನ ಕೈಯ ಹುಟ್ಟು ಮುಂದಕ್ಕೊಯ್ಯುವ ಕೆಲಸವನ್ನೂ ದಿಕ್ಕು ತಿರುಗಿಸುವ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಹೊಳೆ ದಾಟಿಸುತ್ತಿದ್ದ ತೊಗಲು ಹೊದಿಸಿದ ದುಂಡು ದೋಣಿಗಳು ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತವೆಂದು ಬರೆದಿಟ್ಟಿದ್ದಾನೆ. ಹರಿಗೋಲಿನಲ್ಲಿ ಸೋರಿಕೆ ಕಣ್ಣಿಗೆ ಕಾಣುವಂಥದು, ಅದರ ಮದ್ದೂ ಕೈಗೆಟಕುವಂಥದು. ದಡಕ್ಕೆಳೆದು ಮಗುಚಿ ಒಣಗಿಸಿ, ತೂತಿಗೆ ತೇಪೆ ಹಚ್ಚಿ, ಕಾಯಿಸಿದ ಡಾಂಬರು ಬಳಿದರೆ ಕೆಲಸ ಮುಗಿಯಿತು. ಸೋರಿದ ಹರಿಗೋಲು ನಿಧಾನವಾಗಬಹುದು, ಮುಳುಗಲೂಬಹುದು, ಆದರೆ ಸೋರಿಕೆಯಿಂದಾಗಿ ಅಂಬಿಗನ ಹುಟ್ಟು ತನ್ನ ಹಿಡಿತವನ್ನು ಕಳೆದುಕೊಳ್ಳುವುದಿಲ್ಲ.

ಕಡಲ ದೋಣಿಗಳಲ್ಲಿ ಈ ಸರಳತೆ ಉಳಿಯಲಿಲ್ಲ. ಅರಬ್ಬೀ ಸಮುದ್ರದ ತೀರದುದ್ದಕ್ಕೂ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು ತುರುಕಿ, ಮೀನೆಣ್ಣೆ ಸವರಿ ಕಾಪಾಡುತ್ತಿದ್ದ ದೋಣಿಗಳಿಗೆ ಹಿಂಬದಿಯಲ್ಲಿ ಚುಕ್ಕಾಣಿಯ ಹಲಗೆಯಿತ್ತು, ಅದರ ನೆತ್ತಿಗೆ ಸಿಕ್ಕಿಸಿದ ಹಿಡಿಗೋಲನ್ನು ಒಬ್ಬನು ಕೈಯಿಂದಲೇ ತಳ್ಳಿ ಎಳೆಯುತ್ತಿದ್ದನು. ಚುಕ್ಕಾಣಿಯ ಮೇಲೆ ನೀರು ಹೇರುವ ಬಲವು ಆ ಹಲಗೆಯ ವಿಸ್ತಾರದೊಡನೆ ಹೆಚ್ಚುತ್ತದೆ, ದೋಣಿಯ ವೇಗ ಎರಡು ಪಟ್ಟಾದರೆ ಬಲವು ನಾಲ್ಕು ಪಟ್ಟಾಗುತ್ತದೆ. ಹಡಗು ದೊಡ್ಡದಾಗಿ ಉಗಿಯ ಬಲದಿಂದ ವೇಗವಾಗಿ ಓಡತೊಡಗಿದಾಗ ಚಕ್ರ, ಹಗ್ಗ, ರಾಟೆ ಮತ್ತು ಸರಪಳಿಗಳ ಸಾಲು ಸಾಲು ಸಹಾಯವೂ ಸಾಲದಾಯಿತು. ಬಿರುಗಾಳಿಯಲ್ಲಿ ಒಂದೇ ಚಕ್ರಕ್ಕೆ ಹಲವು ಆಳುಗಳು ಜೋತುಬೀಳಬೇಕಾಗುತ್ತಿತ್ತು. ತನ್ನ ಕಾಲದ ಅತಿ ದೊಡ್ಡ ಹಡಗಾಗಿದ್ದ ಗ್ರೇಟ್ ಈಸ್ಟರ್ನ್‌ಗೆ 1860ರ ದಶಕದಲ್ಲಿ ಮ್ಯಾಕ್‌ಫರ್ಲೇನ್ ಗ್ರೇ ಎಂಬ ಎಂಜಿನಿಯರ್ ಉಗಿಯಿಂದ ನಡೆಯುವ ಚುಕ್ಕಾಣಿ ಯಂತ್ರವನ್ನು ಜೋಡಿಸಿದ ಮೇಲೆ, ತಿರುಗಿಸುವ ಬಲವನ್ನು ಯಂತ್ರವೇ ಒದಗಿಸುವುದು ಸಾಧ್ಯವೆಂದು ಖಚಿತವಾಯಿತು. ಆದರೆ ಹಡಗಿನ ಮುಂಭಾಗದಲ್ಲಿ ನಿಂತವನ ಆಜ್ಞೆಯನ್ನು ನೂರಾರು ಅಡಿ ಹಿಂದಿರುವ ಯಂತ್ರಕ್ಕೆ ಮುಟ್ಟಿಸುವ ದಾರಿ ಯಾವುದೆಂಬ ಪ್ರಶ್ನೆ ಉಳಿದೇ ಇತ್ತು. ಹಗ್ಗ ಹಿಗ್ಗುತ್ತದೆ, ಸರಪಳಿ ಸವೆಯುತ್ತದೆ, ಉದ್ದನೆಯ ಸರಳುಗಳು ಹಡಗು ತುಯ್ದಾಡುವಾಗ ಬಾಗಿ ಬಿಗಿಯುತ್ತವೆ.

ಉತ್ತರ ದ್ರವದಲ್ಲಿತ್ತು, ಮತ್ತು ಅದರ ತತ್ತ್ವವು ಎರಡು ಶತಮಾನಗಳಷ್ಟು ಹಳೆಯದಾಗಿತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ನಿರೂಪಿಸಿದ್ದನು. ಅವನ ಗ್ರಂಥವು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾಯಿತು. ಸಣ್ಣ ಕೊಳವೆಯಲ್ಲಿ ಕೊಟ್ಟ ಅಲ್ಪ ಬಲವು ದೊಡ್ಡ ಕೊಳವೆಯಲ್ಲಿ ಹಲವು ಪಟ್ಟಾಗಿ ಹೊರಬರಬಲ್ಲದು ಎಂಬ ಈ ತತ್ತ್ವವನ್ನು ಯಂತ್ರವಾಗಿಸಲು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿನ ಹಕ್ಕುಪತ್ರ ಪಡೆಯುವವರೆಗೂ ಕಾಯಬೇಕಾಯಿತು. ಇಷ್ಟು ತಡವಾದುದಕ್ಕೆ ಸೋರಿಕೆಯೂ ಕಾರಣವಾಗಿತ್ತು. ಒಳಗಿನ ಒತ್ತಡ ಏರಿದಂತೆ ನೀರು ಪಿಸ್ಟನ್ನಿನ ಸುತ್ತಲಿನ ಕೂದಲೆಳೆಯಷ್ಟು ಸಂದಿನಿಂದಲೂ ಚಿಮ್ಮುತ್ತಿತ್ತು. ಸಂದು ಮುಚ್ಚಲೆಂದು ನಾರನ್ನು ಬಿಗಿಯಾಗಿ ತುರುಕಿದರೆ ಪಿಸ್ಟನ್ನೇ ಅಲುಗದೆ ಕಚ್ಚಿಕೊಳ್ಳುತ್ತಿತ್ತು.

ಈ ಬಿಕ್ಕಟ್ಟನ್ನು ಬಿಡಿಸಿದ್ದು ಒಂದು ತೊಗಲಿನ ಉಂಗುರ. ಬ್ರಾಮಾನ ಕಾರ್ಯಾಗಾರದಲ್ಲಿ ದುಡಿಯುತ್ತಿದ್ದ, ಮುಂದೆ ಯಂತ್ರೋಪಕರಣಗಳ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಹೆನ್ರಿ ಮಾಡ್ಸ್ಲೆಗೆ ಇದರ ಕೀರ್ತಿ ಸಲ್ಲುತ್ತದೆಂದು ಅವನ ಬಳಿ ಪಳಗಿದ ಜೇಮ್ಸ್ ನ್ಯಾಸ್ಮಿತ್ ದಾಖಲಿಸಿದ್ದಾನೆ. ತೊಗಲನ್ನು ಬಟ್ಟಲಿನಾಕಾರಕ್ಕೆ ಮಡಿಸಿ, ಅದರ ತೆರೆದ ಬಾಯಿ ಒತ್ತಡವಿರುವ ನೀರಿನ ಕಡೆಗಿರುವಂತೆ ಪಿಸ್ಟನ್ನಿನ ಸುತ್ತ ಕೂರಿಸಲಾಯಿತು. ನೀರು ಒತ್ತಿದಷ್ಟೂ ಬಟ್ಟಲಿನ ಅಂಚು ಅರಳಿ ಲೋಹಕ್ಕೆ ಹೆಚ್ಚು ಹೆಚ್ಚು ಅಂಟಿಕೊಳ್ಳುತ್ತಿತ್ತು, ಒತ್ತಡ ಇಳಿದೊಡನೆ ಸಡಿಲವಾಗಿ ಪಿಸ್ಟನ್ನನ್ನು ಸರಾಗವಾಗಿ ಬಿಡುತ್ತಿತ್ತು. ಯಾವ ಬಲವು ಸೋರಿಕೆಯನ್ನು ಉಂಟುಮಾಡುತ್ತದೆಯೋ ಅದೇ ಬಲದಿಂದ ಸೋರಿಕೆಯನ್ನು ತಡೆಯುವ ಈ ಉಪಾಯವು ಇಂದಿನ ರಬ್ಬರ್ ಸೀಲುಗಳಲ್ಲಿಯೂ ಹಾಗೆಯೇ ಉಳಿದುಬಂದಿದೆ. ಹೈಡ್ರಾಲಿಕ್ ಯಂತ್ರಗಳ ಯುಗಕ್ಕೆ ಪಾಸ್ಕಲ್ಲನ ಸೂತ್ರ ಎಷ್ಟು ಅಗತ್ಯವಾಗಿತ್ತೋ ಈ ತೊಗಲಿನ ತುಂಡೂ ಅಷ್ಟೇ ಅಗತ್ಯವಾಗಿತ್ತು.

ಹಡಗುಗಳ ವಿಷಯದಲ್ಲಿ ಈ ಜ್ಞಾನವನ್ನು ಫಲಕ್ಕೆ ತಂದವನು ಸ್ಕಾಟ್ಲೆಂಡಿನ ಎಡಿನ್‌ಬರೋದ ಆಂಡ್ರೂ ಬೆಟ್ಸ್ ಬ್ರೌನ್. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅವನು ರೂಪಿಸಿದ ಟೆಲಿಮೋಟರ್, ಅಂದರೆ ದೂರದಿಂದ ಚಲನೆಯನ್ನು ರವಾನಿಸುವ ಸಾಧನ, ಚಕ್ರದ ಬಳಿ ಒಂದು ಸಿಲಿಂಡರನ್ನೂ ಹಿಂಭಾಗದ ಯಂತ್ರದ ಬಳಿ ಇನ್ನೊಂದು ಸಿಲಿಂಡರನ್ನೂ ಇಟ್ಟು, ಎರಡನ್ನೂ ತೆಳುವಾದ ಜೋಡಿ ಕೊಳವೆಗಳಿಂದ ಬೆಸೆಯುತ್ತಿತ್ತು. ಚಳಿಯಲ್ಲಿ ಹೆಪ್ಪುಗಟ್ಟಬಾರದೆಂದು ಆ ಕೊಳವೆಗಳಲ್ಲಿ ನೀರಿಗೆ ಗ್ಲಿಸರಿನ್ ಬೆರೆಸಿ ತುಂಬುತ್ತಿದ್ದರು. ಚಕ್ರ ತಿರುಗಿದಾಗ ಒಂದು ಕೊಳವೆಯ ದ್ರವ ಮುಂದೆ ಸರಿಯುತ್ತಿತ್ತು, ಇನ್ನೊಂದರದು ಮರಳುತ್ತಿತ್ತು, ಮತ್ತು ಹಿಂದಿನ ಸಿಲಿಂಡರು ಉಗಿಯಂತ್ರದ ಕವಾಟವನ್ನು ಅಷ್ಟೇ ಅಳತೆಯಲ್ಲಿ ತೆರೆಯುತ್ತಿತ್ತು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿದ್ದದ್ದೂ ಬ್ರೌನ್ ಕಂಪನಿಯ ಟೆಲಿಮೋಟರ್. 1985ರಲ್ಲಿ ಪತ್ತೆಯಾದ ಅದರ ಅವಶೇಷದಲ್ಲಿ ಸುತ್ತಲಿನ ಮರವೆಲ್ಲ ನಾಶವಾಗಿದ್ದರೂ ಟೆಲಿಮೋಟರಿನ ಕಂಚಿನ ಕಂಬ ನಿಂತಿತ್ತು.

ಟೆಲಿಮೋಟರಿನೊಡನೆ ಹಡಗಿನ ಎಂಜಿನಿಯರುಗಳ ದಿನಚರಿಗೆ ಗಾಳಿ ತೆಗೆಯುವ ಕೆಲಸವೂ ಸೇರಿತು. ಗಾಳಿಯ ಮೇಲಿನ ಒತ್ತಡವನ್ನು ಇಮ್ಮಡಿಸಿದರೆ ಅದರ ಗಾತ್ರ ಅರ್ಧಕ್ಕಿಳಿಯುತ್ತದೆ ಎಂಬುದನ್ನು ರಾಬರ್ಟ್ ಬಾಯ್ಲ್ 1662ರಲ್ಲಿಯೇ ಪ್ರಕಟಿಸಿದ್ದನು. ನೀರು ಮತ್ತು ಎಣ್ಣೆಗಳಾದರೋ ವಾತಾವರಣದ 100 ಪಟ್ಟು ಒತ್ತಡ ಬಿದ್ದರೂ ಶೇಕಡ 1ರಷ್ಟು ಸಹ ಕುಗ್ಗುವುದಿಲ್ಲ. ಕೊಳವೆಯ ತುಂಬ ದ್ರವವೊಂದೇ ಇದ್ದರೆ ಅದು ಉಕ್ಕಿನ ಸರಳಿನಂತೆ ವರ್ತಿಸುತ್ತದೆ, ಚಕ್ರದ ಅಲ್ಪ ಚಲನೆಯೂ ತಡವಿಲ್ಲದೆ ಆಚೆಗೆ ಮುಟ್ಟುತ್ತದೆ. ಅದೇ ಕೊಳವೆಯಲ್ಲಿ ಒಂದಿಷ್ಟು ಗಾಳಿಯ ಗುಳ್ಳೆಗಳಿದ್ದರೆ ಚಕ್ರಕ್ಕೆ ಕೊಟ್ಟ ತಿರುವಿನ ಒಂದು ಪಾಲು ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಚುಕ್ಕಾಣಿ ತಡವಾಗಿ ಎಚ್ಚೆತ್ತು, ಗುಳ್ಳೆಗಳು ಹಿಗ್ಗಿದಾಗ ಬೇಡವಾದಷ್ಟು ಸರಿದುಬಿಡುತ್ತದೆ. ಎಣ್ಣೆಯಲ್ಲಿ ಪೂರ್ತಿ ಕರಗಿರುವ ಗಾಳಿಯಿಂದ ತೊಂದರೆಯಿಲ್ಲ. ಸಾಮಾನ್ಯ ಒತ್ತಡದಲ್ಲಿ ಖನಿಜ ತೈಲವು ತನ್ನ ಗಾತ್ರದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಗಾಳಿಯನ್ನು ಕರಗಿಸಿಕೊಂಡೇ ಇರುತ್ತದೆ. ಒತ್ತಡ ತಗ್ಗಿ ಆ ಗಾಳಿ ಗುಳ್ಳೆಯಾಗಿ ಹೊರಬಂದಾಗ, ಇಲ್ಲವೆ ಸಡಿಲ ಜೋಡಣೆಯೊಂದರಿಂದ ಹೊರಗಿನ ಗಾಳಿ ಒಳನುಗ್ಗಿದಾಗ ತೊಂದರೆ ಆರಂಭವಾಗುತ್ತದೆ.

20ನೆಯ ಶತಮಾನದ ಆರಂಭದಲ್ಲಿ ಹೆನ್ರಿ ಸೆಲ್ಬಿ ಹೆಲೆ-ಶಾ ರೂಪಿಸಿದ, ಹೊರಹಾಕುವ ದ್ರವದ ಪ್ರಮಾಣವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಬಲ್ಲ ಪಂಪು ಬಂದ ಮೇಲೆ ಚುಕ್ಕಾಣಿಯನ್ನು ತಿರುಗಿಸುವ ಬಲವೂ ಉಗಿಯಿಂದ ದ್ರವಕ್ಕೆ ವರ್ಗವಾಯಿತು; ವಿದ್ಯುತ್ ಮೋಟರು ಪಂಪನ್ನು ನಡೆಸಿತು, ಪಂಪಿನ ಎಣ್ಣೆ ಚುಕ್ಕಾಣಿಯನ್ನು ನಡೆಸಿತು. ನೀರಿನ ಜಾಗಕ್ಕೆ ಎಣ್ಣೆ ಬಂದುದರಿಂದ ತುಕ್ಕು ಕಡಿಮೆಯಾಗಿ ಭಾಗಗಳಿಗೆ ಜಿಡ್ಡಿನ ರಕ್ಷೆ ಸಿಕ್ಕಿತು, ಆದರೆ ಎಣ್ಣೆಗೆ ಕೆಡದ ಸೀಲು ಬೇಕಾಯಿತು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್‌ಸೆನ್ ಇಳಿವಯಸ್ಸಿನಲ್ಲಿ, 1937ರಲ್ಲಿ, ಅರ್ಜಿ ಹಾಕಿ 1939ರಲ್ಲಿ ಹಕ್ಕುಪತ್ರ ಪಡೆದ ಓ-ರಿಂಗ್, ಅಂದರೆ ತೋಡಿನೊಳಗೆ ಕೂರುವ ದುಂಡನೆಯ ರಬ್ಬರ್ ಬಳೆ, ಎರಡನೆಯ ಮಹಾಯುದ್ಧದ ವಿಮಾನಗಳ ಮೂಲಕ ಲೋಕದ ಎಲ್ಲ ಹೈಡ್ರಾಲಿಕ್ ಯಂತ್ರಗಳಿಗೂ ಹಬ್ಬಿತು. ಎಣ್ಣೆಯನ್ನು ತಾಳುವ ನೈಟ್ರೈಲ್ ರಬ್ಬರಿನ ಜೊತೆ ಸೇರಿ ಅದು ಹೈಡ್ರಾಲಿಕ್ ವ್ಯವಸ್ಥೆಯನ್ನು ದೊಡ್ಡ ಹಡಗುಗಳಿಂದ ಸಣ್ಣ ಬೋಟುಗಳವರೆಗೂ ಇಳಿಸಿತು.

ಸಣ್ಣ ಬೋಟಿನ ಸ್ಟೀರಿಂಗ್ ನೋಡಲು ಸರಳವಾದುದು. ಚಕ್ರದ ಹಿಂಬದಿಯಲ್ಲಿ ಒಂದು ಕೈಪಂಪು, ಅದರ ನೆತ್ತಿಯಲ್ಲಿ ಎಣ್ಣೆ ತುಂಬುವ ಬಾಯಿ, ಅಲ್ಲಿಂದ ಹಿಂದಕ್ಕೆ ಎರಡು ಕೊಳವೆ, ಕೊನೆಗೆ ಚುಕ್ಕಾಣಿಯನ್ನು ಎಡಬಲಕ್ಕೆ ತಳ್ಳುವ ಸಿಲಿಂಡರು. ಸಿಲಿಂಡರಿನ ಎರಡು ತುದಿಗಳಲ್ಲಿ ಗಾಳಿ ಬಿಡಲೆಂದೇ ಇಟ್ಟ ಎರಡು ನಿಪ್ಪಲ್. ಪಂಪಿನ ಬಾಯಿಯೇ ಇಡೀ ವ್ಯವಸ್ಥೆಯ ಎತ್ತರದ ಬಿಂದುವಾಗಿರುವಂತೆ, ಕೊಳವೆಗಳು ಪಂಪಿನ ಕಡೆಗೆ ಮೆಲ್ಲಗೆ ಏರುತ್ತ ಬರುವಂತೆ ಜೋಡಿಸಿದರೆ ಗುಳ್ಳೆಗಳು ತಾವಾಗಿಯೇ ಮೇಲಕ್ಕೆ ಬರುತ್ತವೆ. ನಡುವೆ ಕೊಳವೆ ಗೂನಾಗಿ ಬಾಗಿದ್ದರೆ ಆ ಗೂನಿನಲ್ಲಿ ಗಾಳಿ ಬಿಡಾರ ಹೂಡುತ್ತದೆ. ಗಾಳಿ ತೆಗೆಯುವಾಗ ಎಣ್ಣೆಯ ಬಾಟಲಿಯನ್ನು ಪಂಪಿನ ಬಾಯಿಗೆ ತಲೆಕೆಳಗಾಗಿ ಸಿಕ್ಕಿಸಿ, ಚಕ್ರವನ್ನು ಒಂದು ಬದಿಯ ಕೊನೆಯವರೆಗೂ ತಿರುಗಿಸಿ, ಆ ಬದಿಯ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ತೊಡಿಸಿ, ಅದರ ಇನ್ನೊಂದು ತುದಿಯನ್ನು ಎಣ್ಣೆಯಿರುವ ಡಬ್ಬಿಯಲ್ಲಿ ಮುಳುಗಿಸುತ್ತಾರೆ. ನಿಪ್ಪಲ್ಲನ್ನು ಸಡಿಲಿಸಿ, ಸಿಲಿಂಡರಿನ ದಂಡ ಅಲುಗದಂತೆ ಹಿಡಿದು, ಚಕ್ರವನ್ನು ಎದುರು ಬದಿಗೆ ನಿಧಾನವಾಗಿ ತಿರುಗಿಸುತ್ತ ಹೋದಾಗ ಮೊದಲು ಬುಸುಗುಟ್ಟುವ ನೊರೆ, ಆಮೇಲೆ ಬಿಡಿ ಬಿಡಿ ಗುಳ್ಳೆ, ಕೊನೆಗೆ ಎಡೆಬಿಡದ ತಿಳಿ ಎಣ್ಣೆ ಬರುತ್ತದೆ. ಆಗ ನಿಪ್ಪಲ್ ಬಿಗಿದು ಇನ್ನೊಂದು ಬದಿಗೆ ಇದನ್ನೇ ಮಾಡಬೇಕು. ಅವಸರದಿಂದ ತಿರುಗಿಸಿದರೆ ಗುಳ್ಳೆಗಳು ನುಚ್ಚುನುಚ್ಚಾಗಿ ಎಣ್ಣೆಯಲ್ಲಿ ಬೆರೆತು ಹೊರಬರದೆ ಉಳಿಯುತ್ತವೆ, ಬಾಟಲಿ ಬರಿದಾಗುವವರೆಗೆ ಮರೆತರೆ ತೆಗೆದಷ್ಟೇ ಗಾಳಿ ಮತ್ತೆ ಸೇರುತ್ತದೆ.

ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ, ಮತ್ತು ಅದನ್ನು ಗುರುತಿಸುವ ಕ್ರಮವೊಂದು ದೀರ್ಘ ಬಳಕೆಯಿಂದ ರೂಢಿಯಾಗಿದೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಒತ್ತಿದಾಗ ಅದು ಪುಟಿದು ಹಿಂದಕ್ಕೆ ಬಂದರೆ ಒಳಗೆ ಗಾಳಿಯಿದೆ. ಪುಟಿಯದೆ, ಹೊರಗೆ ಹನಿಯೂ ಕಾಣದೆ, ಮೆಲ್ಲಗೆ ಜಾರುತ್ತ ಹೋದರೆ ಪಿಸ್ಟನ್ನಿನ ಒಳಸೀಲು ಸವೆದು ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ನುಸುಳುತ್ತಿದೆ, ಇಲ್ಲವೆ ಪಂಪಿನ ಕವಾಟದಲ್ಲಿ ಕಸ ಕೂತಿದೆ. ಹೊರಗೆ ಜಿಡ್ಡು ಕಂಡರೆ ದಂಡದ ಸೀಲನ್ನೂ ಜೋಡಣೆಗಳನ್ನೂ ನೋಡಬೇಕು. ಅತಿ ಹೆಚ್ಚು ಮೋಸಮಾಡುವುದು ಒತ್ತಡ ಕಡಿಮೆಯಿರುವ ಕಡೆಯ ಸೋರಿಕೆ, ಏಕೆಂದರೆ ಅಲ್ಲಿ ಎಣ್ಣೆ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು, ಮತ್ತು ಒಣಗಿದ ಜೋಡಣೆಯನ್ನು ಯಾರೂ ಸಂಶಯಿಸುವುದಿಲ್ಲ. ಉಪ್ಪುನೀರು ತಿಂದು ಗುಳಿಬಿದ್ದ ದಂಡದ ಮೇಲೆ ಎಷ್ಟು ಹೊಸ ಸೀಲು ಹಾಕಿದರೂ ಆ ಗುಳಿಯ ಅಂಚು ಅದನ್ನು ಕೊಯ್ದುಹಾಕುತ್ತದೆ. ಜೋಡಣೆಯ ತಿರುಪಿನ ಸುತ್ತುಗಳಿಗೆ ಸುತ್ತಿದ ಬಿಳಿ ಟೇಪಿನ ಚೂರು ಕಳಚಿ ಕವಾಟಕ್ಕೆ ಸಿಕ್ಕಿಕೊಳ್ಳುವುದರಿಂದ ಬಲ್ಲವರು ಟೇಪಿನ ಬದಲು ಲೇಪವನ್ನೇ ಬಳಸುತ್ತಾರೆ. ಕೈಗೆ ಸಿಕ್ಕಿತೆಂದು ಬ್ರೇಕ್ ಎಣ್ಣೆ ಸುರಿದರೆ ನೈಟ್ರೈಲ್ ಸೀಲುಗಳು ಊದಿಕೊಂಡು ಕೆಡುತ್ತವೆ. ಒಂದು ಸೋರಿಕೆಯನ್ನು ನಿಲ್ಲಿಸಲು ಹೋಗಿ ಹತ್ತನ್ನು ತೆರೆದಂತಾಗುತ್ತದೆ.

ಈ ಕೆಲಸ ಸಕಾಲಕ್ಕೆ ಆಗದಿದ್ದರೆ ಏನಾಗಬಹುದೆಂಬುದನ್ನು 1978ರ ಮಾರ್ಚ್ 16ರಂದು ಫ್ರಾನ್ಸಿನ ಬ್ರಿಟನಿ ತೀರವು ಕಂಡಿತು. ಪರ್ಷಿಯನ್ ಕೊಲ್ಲಿಯಿಂದ ಕಚ್ಚಾತೈಲ ಹೊತ್ತು ಬರುತ್ತಿದ್ದ ಅಮೊಕೊ ಕಾಡಿಜ್ ಎಂಬ ಹಡಗಿನ ಚುಕ್ಕಾಣಿ ಯಂತ್ರದ ಹೈಡ್ರಾಲಿಕ್ ಕೊಳವೆಯ ಜೋಡಣೆಯೊಂದು ಬೆಳಿಗ್ಗೆ ಬಿರುಸಾದ ಅಲೆಗಳ ನಡುವೆ ಮುರಿಯಿತು. ಎಣ್ಣೆ ಹೊರಚಿಮ್ಮಿತು, ಹಿಡಿತ ತಪ್ಪಿದ ಚುಕ್ಕಾಣಿ ಅಲೆಗಳ ಹೊಡೆತಕ್ಕೆ ಹುಚ್ಚೆದ್ದು ಬಡಿಯತೊಡಗಿತು, ಸೋರಿಕೆಯನ್ನು ತಡೆದು ಯಂತ್ರವನ್ನು ಮತ್ತೆ ಹತೋಟಿಗೆ ತರಲು ಎಂಜಿನಿಯರುಗಳು ಪಟ್ಟ ಶ್ರಮ ಫಲಿಸಲಿಲ್ಲ. ಪೆಸಿಫಿಕ್ ಎಂಬ ಜರ್ಮನ್ ಟಗ್ ಕಟ್ಟಿದ ಹಗ್ಗವೂ ತುಂಡಾಗಿ, ಆ ರಾತ್ರಿ ಹಡಗು ಪೋರ್ಟ್‌ಸಾಲ್ ಊರಿನ ಮುಂದಿನ ಬಂಡೆಗಳಿಗೆ ಅಪ್ಪಳಿಸಿತು. ಅದರಲ್ಲಿದ್ದ ಸುಮಾರು 2,23,000 ಟನ್ ತೈಲವೂ ಕಡಲಿಗೆ ಸೇರಿ, 300 ಕಿಲೋಮೀಟರಿಗೂ ಹೆಚ್ಚು ಉದ್ದದ ತೀರವನ್ನು ಕಪ್ಪಾಗಿಸಿತು. ಅಂತರರಾಷ್ಟ್ರೀಯ ನೌಕಾ ಸುರಕ್ಷತಾ ಒಪ್ಪಂದಕ್ಕೆ 1981ರಲ್ಲಿ ಮಾಡಿದ, 1984ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಗಳು, ದೊಡ್ಡ ತೈಲ ಹಡಗುಗಳ ಚುಕ್ಕಾಣಿ ಯಂತ್ರದ ಯಾವುದೇ ಒಂದು ಭಾಗ ಕೆಟ್ಟರೂ 45 ಸೆಕೆಂಡುಗಳೊಳಗೆ ಹಿಡಿತ ಮರಳುವಂತಿರಬೇಕೆಂದು ವಿಧಿಸಿದವು. ಒಂದು ಕೊಳವೆಯ ಸೋರಿಕೆ ಇನ್ನೊಂದಕ್ಕೆ ಹರಡದಂತೆ ವ್ಯವಸ್ಥೆಯನ್ನು ಎರಡಾಗಿ ವಿಭಜಿಸಬೇಕೆಂಬ ವಿವೇಕಕ್ಕೆ ಲೋಕವು ಇಷ್ಟು ದೊಡ್ಡ ಬೆಲೆಯನ್ನು ತೆತ್ತಿತು.

ಕರ್ನಾಟಕದ ಕರಾವಳಿಯಲ್ಲಿ ಈ ಚರಿತ್ರೆಯು ಮೀನುಗಾರಿಕೆಯ ಯಾಂತ್ರೀಕರಣದ ಕೈಹಿಡಿದು ಬಂದಿತು. 1953ರಲ್ಲಿ ಕೇರಳದ ನೀಂಡಕರದಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯು 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಎರ್ನಾಕುಲಂನಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರ ಸಂಸ್ಥೆಯು ಮೀನುಗಾರಿಕೆ ದೋಣಿಗಳ ಚಾಲಕರಿಗೂ ಎಂಜಿನ್ ನಡೆಸುವವರಿಗೂ ತರಬೇತಿ ಕೊಡತೊಡಗಿತು. 1970ರ ದಶಕದ ನಡುವಿನಲ್ಲಿ ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಮುಗಿಯಿತು. ಮೊದಲ ತಲೆಮಾರಿನ ಯಾಂತ್ರಿಕ ಬೋಟುಗಳಲ್ಲಿ ಬೋಟು ನಡೆಸುವ ತಾಂಡೇಲನ ಚಕ್ರದಿಂದ ಚುಕ್ಕಾಣಿಗೆ ಸರಪಳಿ ಮತ್ತು ತಂತಿಹಗ್ಗಗಳೇ ಓಡುತ್ತಿದ್ದವು. ದೋಣಿಗಳು ಉದ್ದವಾಗಿ, ಮರದಿಂದ ಉಕ್ಕಿಗೆ ಹೊರಳಿ, ಹಲವು ದಿನಗಳ ಆಳಸಮುದ್ರ ಮೀನುಗಾರಿಕೆಗೆ ಹೊರಟ ಮೇಲೆ ಹೈಡ್ರಾಲಿಕ್ ಸ್ಟೀರಿಂಗಿಗೆ ಎಡೆಯಾಯಿತು. ತಂತಿಹಗ್ಗದ ಎಳೆಗಳು ಒಂದೊಂದಾಗಿ ತುಂಡಾಗುವುದನ್ನು ಕಣ್ಣಿನಿಂದ ನೋಡಿ ಎಚ್ಚೆತ್ತುಕೊಳ್ಳಬಹುದಾಗಿತ್ತು. ಎಣ್ಣೆಯ ದೋಷವು ಚಕ್ರ ಹಿಡಿದ ಕೈಗೆ ಮಾತ್ರ ತಿಳಿಯುವಂಥದಾದುದರಿಂದ, ಕಣ್ಣಿನ ಎಚ್ಚರದ ಜೊತೆಗೆ ಅಂಗೈಯ ಎಚ್ಚರವೂ ಬೇಕಾಯಿತು.

ಕಡಲಿಲ್ಲದ ಹೊಸೂರಿನ ಪಾಲು ಇಲ್ಲಿ ಕಾಣಿಸುತ್ತದೆ. ಸಿಪ್ಕಾಟ್ ಕೈಗಾರಿಕಾ ವಲಯ ಬೆಳೆದು, 1980ರಲ್ಲಿ ಅಶೋಕ್ ಲೇಲ್ಯಾಂಡ್ ತನ್ನ ಲಾರಿ ಕಾರ್ಖಾನೆಯನ್ನು ತೆರೆದ ಮೇಲೆ, ರಾಗಿ ಬೆಳೆಯುತ್ತಿದ್ದ ಈ ಗಡಿಸೀಮೆ ಯಂತ್ರದ ಕಸುಬಿನ ಊರಾಯಿತು. ಆ ಕಂಪನಿಯ ಡೀಸೆಲ್ ಎಂಜಿನ್ನುಗಳ ಜಲಯಾನ ರೂಪಗಳು ಭಾರತದ ಮೀನುಗಾರಿಕೆ ಬೋಟುಗಳಲ್ಲಿ ಇಂದು ಸಾಮಾನ್ಯ. ಲಾರಿಯ ಪವರ್ ಸ್ಟೀರಿಂಗಿನಿಂದ ಗಾಳಿ ತೆಗೆಯಲು ಚಕ್ರವನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ಮೆಲ್ಲಗೆ ತಿರುಗಿಸುವ, ಕ್ಲಚ್ಚಿನ ನಿಪ್ಪಲ್ಲಿನಿಂದ ಗುಳ್ಳೆಗಳು ನಿಲ್ಲುವವರೆಗೆ ಕಾಯುವ ಹೆದ್ದಾರಿ ಬದಿಯ ಮೆಕ್ಯಾನಿಕ್ಕಿಗೆ ಮಲ್ಪೆಯ ಬಂದರಿನಲ್ಲಿ ಬೋಟಿನ ಸಿಲಿಂಡರಿನ ಮುಂದೆ ಕೂತವನ ಕೆಲಸವನ್ನು ಯಾರೂ ವಿವರಿಸಬೇಕಾಗಿಲ್ಲ. ಕನ್ನಡ, ತಮಿಳು, ತೆಲುಗು, ಮೂರೂ ಬೆರೆತ ಹೊಸೂರಿನ ಶೆಡ್ಡುಗಳಲ್ಲಿಯೂ ತುಳು, ಕೊಂಕಣಿ ಬೆರೆತ ಕರಾವಳಿಯ ಧಕ್ಕೆಗಳಲ್ಲಿಯೂ ಈ ವಿದ್ಯೆ ಹಬ್ಬಿದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿಯುವ ಪದ್ಧತಿಯಿಂದ.

ಬ್ರಾಮಾನ ಕಾರ್ಯಾಗಾರದಿಂದ ಮಲ್ಪೆಯ ಧಕ್ಕೆಯವರೆಗಿನ ಈ ಎರಡು ಶತಮಾನಗಳ ಕಥೆಯಲ್ಲಿ ತೊಗಲು ಹೋಗಿ ರಬ್ಬರು ಬಂದಿತು, ನೀರು ಹೋಗಿ ಎಣ್ಣೆ ಬಂದಿತು, ಉಗಿ ಹೋಗಿ ವಿದ್ಯುತ್ತು ಬಂದಿತು. ಎಣ್ಣೆ ಒಳಗೇ ಇರಬೇಕು, ಗಾಳಿ ಹೊರಗೇ ಇರಬೇಕು ಎಂಬ ನಿಯಮ ಮಾತ್ರ ಬದಲಾಗಲಿಲ್ಲ. ಸಮುದ್ರದ ಉಪ್ಪು, ಸೂರ್ಯನ ಕಾವು, ನಿತ್ಯದ ಸವೆತಗಳು ಆ ನಿಯಮವನ್ನು ದಿನವೂ ಮುರಿಯಲೆತ್ನಿಸುವುದರಿಂದ, ಅದನ್ನು ಕಾಯುವ ಕೆಲಸ ಒಮ್ಮೆ ಮಾಡಿ ಮುಗಿಸುವಂಥದಲ್ಲ. ನಮ್ಮ ಕೈಗಾರಿಕಾ ಚರಿತ್ರೆಗಳು ಕಾರ್ಖಾನೆ ತೆರೆದ ವರ್ಷವನ್ನೂ ಬೋಟು ನೀರಿಗಿಳಿದ ವರ್ಷವನ್ನೂ ತಪ್ಪದೆ ದಾಖಲಿಸುತ್ತವೆ, ಆದರೆ ಅವು ಕೆಡದಂತೆ ಉಳಿದುದು ಯಾರಿಂದ ಎಂಬುದನ್ನು ಬರೆದಿಡುವುದಿಲ್ಲ. ಸೀಲು ಬದಲಿಸಿ, ಗಾಳಿ ತೆಗೆದು, ಚಕ್ರವನ್ನು ಎರಡೂ ಕೊನೆಗಳಿಗೆ ತಿರುಗಿಸಿ ನೋಡಿದ ಮೇಲೆಯೇ ಬೋಟನ್ನು ಕಡಲಿಗೆ ಬಿಡುವ ಕಸುಬುದಾರರ ಜ್ಞಾನವನ್ನು, ಅದನ್ನು ಬಲ್ಲವರು ಇರುವಾಗಲೇ, ಅವರದೇ ಮಾತಿನಲ್ಲಿ ಕನ್ನಡದಲ್ಲಿ ಬರೆದಿಡುವುದು ಯಂತ್ರಗಳ ಚರಿತ್ರೆಗೂ ಕರಾವಳಿಯ ಬದುಕಿಗೂ ಸಲ್ಲಬೇಕಾದ ಋಣವಾಗಿದೆ.